ಚೆನ್ನಾಗಿದೆ ಅಂದ ದಿನ

ಕೊಟ್ರಯ್ಯ ಮೇಷ್ಟ್ರು ಹೊಳೆಯಲ್ಲಿ ಪಂಚೆ ಒಗೆಯುತ್ತಿದ್ದರು. ತಿಪ್ಪೇಶಿ ಬಂದು ಪಕ್ಕದ ಬಂಡೆ ಮೇಲೆ ಕೂತ. ಮುಖ ಹರಳೆಣ್ಣೆ ಕುಡಿದಂಗಿತ್ತು.

ಈ ಮೇಷ್ಟ್ರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಇಪ್ಪತ್ತು ವರ್ಷದ ಹಿಂದೆ ದಾವಣಗೆರೆಯಲ್ಲಿ, ಮಂಡಕ್ಕಿ ಹುರಿಯೋ ಭಟ್ಟಿಯ ಹಿಂದಿನ ಕೋಣೆಯಲ್ಲಿ, ನಾಲ್ಕು ಹುಡುಗರನ್ನು ಕೂರಿಸಿಕೊಂಡು ಕನ್ನಡದಲ್ಲಿ ರ‍್ಯಾಪ್ ಹಾಡಿಸಿದವರು. ಆ ಹಾಡಿನ ಕಂಪನಿಗೆ ‘ಭಟ್ಟಿ’ ಅಂತಲೇ ಹೆಸರಿಟ್ಟರು. ಐದು ವರ್ಷ, ಮೂರು ಸಿ.ಡಿ. ಆಮೇಲೆ ನಿಂತುಹೋಯಿತು.

ಆ ಮೂರು ಸಿ.ಡಿ. ಹೆಸರು ಎತ್ತಿದರೆ ಇವತ್ತಿಗೂ ಆಟೋದವರು ಕೈ ಮುಗಿಯುತ್ತಾರೆ. ಮೇಷ್ಟ್ರು ಮಾತ್ರ ಹೊಳೆ ದಂಡೆಯ ಹಳೇ ಮಠದ ಪಕ್ಕ ಒಂದು ಕೋಣೆ ಹಿಡಿದು, ಬಂದವರಿಗೆ ತಾಳ ಹೇಳಿಕೊಡುತ್ತಾ ಇದ್ದುಬಿಟ್ಟಿದ್ದಾರೆ.

ತಿಪ್ಪೇಶಿ ಅವರ ಹತ್ತಿರ ಎಂಟು ವರ್ಷ ಕಲಿತವನು. ಹೋದ ಯುಗಾದಿಗೆ ಬಂದು ಕಾಲಿಗೆ ಬಿದ್ದಿದ್ದ.

“ಭಟ್ಟಿ ಹೆಸರು ನನಗೆ ಕೊಡಿ ಮೇಷ್ಟ್ರೇ. ಮತ್ತೆ ಹಚ್ತೀನಿ.”

ಮೇಷ್ಟ್ರು ಗೋಡೆಗೆ ಒರಗಿಸಿದ್ದ ಭಟ್ಟಿಯ ಹಳೇ ತಗಡಿನ ಬೋರ್ಡು ತೋರಿಸಿದ್ದರು.

“ಮುಂದಿನ ಯುಗಾದಿ ತನಕ ಟೈಮು. ಒಂದೇ ಒಂದು ಹಾಡು ತಾ. ಅದರಲ್ಲಿ ಜೀವ ಇದ್ರೆ ಬೋರ್ಡು ನಿಂದು. ಇಲ್ದಿದ್ರೆ ಹೊಳೆಗೆ ಹಾಕ್ತೀನಿ.”

ಈಗ ಯುಗಾದಿಗೆ ಒಂದು ತಿಂಗಳಿತ್ತು.

“ಹನ್ನೊಂದು ಹಾಡು ಆಗಿದಾವೆ ಮೇಷ್ಟ್ರೇ.”

“ಹಾಕು.”

ತಿಪ್ಪೇಶಿ ಫೋನು ಬಂಡೆ ಮೇಲಿಟ್ಟು ಅದರಲ್ಲಿ ಒಂದು ಹಾಡು ಹಾಕಿದ. ಮೇಷ್ಟ್ರು ಪಂಚೆ ಹಿಂಡುತ್ತಾ ಕೇಳಿದರು. ಹಾಡು ಮುಗಿಯಿತು.

“ಚೆನ್ನಾಗಿದೆ” ಅಂದರು.

ಎಂಟು ವರ್ಷದಲ್ಲಿ ಮೇಷ್ಟ್ರು ಯಾವತ್ತೂ ಆ ಮಾತು ಅಂದಿರಲಿಲ್ಲ. ಬೈದಿದ್ದರು, ಚಪ್ಪಲಿ ಎಸೆದಿದ್ದರು. ಚೆನ್ನಾಗಿದೆ ಅಂದಿರಲಿಲ್ಲ. ತಿಪ್ಪೇಶಿಗೆ ಎದೆ ಧಸಕ್ಕೆಂದಿತು.

ಮೇಷ್ಟ್ರು ಕೋಣೆಗೆ ಹೋಗಿ ಒಂದು ಬಾಳೆ ಎಲೆ ತಂದರು. ತಿಪ್ಪೇಶಿ ಕಟ್ಟಿಸಿಕೊಂಡು ಬಂದಿದ್ದ ಪೊಟ್ಟಣ ಬಿಚ್ಚಿ ಮಂಡಕ್ಕಿ, ಎರಡು ಮಿರ್ಚಿ ಬಡಿಸಿದರು. ಎಲೆಯನ್ನು ಫೋನಿನ ಮುಂದೆ ಇಟ್ಟು, ಊದುಬತ್ತಿ ಹಚ್ಚಿದರು.

“ಇದೇನು ಮೇಷ್ಟ್ರೇ?”

“ಎಡೆ.”

“ಯಾರಿಗೆ?”

“ಇಟ್ಟೋನು ನೀನು, ನನ್ನ ಕೇಳ್ತೀಯಲ್ಲೋ! ಭಟ್ಟಿ ಹಿಂದಿನ ಅದೇ ಕೋಣೆ, ಅದೇ ಮೈಕು, ಫ್ಯಾನು ನಿಲ್ಲಿಸಿದ ಅದೇ ಸೆಕೆ. ಆ ನಾಲ್ವರಲ್ಲಿ ನಮ್ಮ ಪರಸಪ್ಪ ಎಲ್ಲಿ ಉಸಿರು ತಗೊಳ್ತಿದ್ನೋ ಅಲ್ಲೇ ನೀನೂ ತಗೊಂಡೆ. ಭಟ್ಟಿ ಸತ್ತು ಹದಿನೈದು ವರ್ಷ. ಸತ್ತೋರಿಗೆ ಏನೇನು ಇಷ್ಟವೋ ಅದೆಲ್ಲಾ ಮಾಡಿ ಬಡಿಸಿದೀಯ. ಊದುಬತ್ತಿ ಒಂದು ಕಡಿಮೆ ಇತ್ತು.”

ತಿಪ್ಪೇಶಿಗೆ ಅಳು ಬಂತು. ಅಳುವುದಕ್ಕಿಂತ ಸಿಟ್ಟು ಮೇಲು ಅಂತ ಸಿಟ್ಟು ಮಾಡಿಕೊಂಡ.

“ನನಗೆ ಹೊಟ್ಟೆ ಉರಿಯುತ್ತೆ ಮೇಷ್ಟ್ರೇ! ಆ ನಾಲ್ಕು ಜನರ ಮೇಲೆ. ಏನು ಪುಣ್ಯ ಮಾಡಿದ್ರು ಅವರು? ನೆಟ್ಟಗೆ ಒಂದು ಕಂಪ್ಯೂಟರ್ ಇರಲಿಲ್ಲ. ಬಾಯಿ ತೆಗೆದ್ರೆ ಬೆಂಕಿ ಬೀಳ್ತಿತ್ತು. ಅವರ ಹೆಸರು ಕೇಳಿದ್ರೆ ನೀವೂ ನಗ್ತೀರ. ನಾನು ಎಂಟು ವರ್ಷ ನಿಮ್ಮ ಕಾಲ ಬುಡದಲ್ಲಿದೀನಿ, ನನ್ನ ನೋಡಿ ಒಂದು ದಿನ ಹಂಗೆ ನಕ್ಕಿದೀರಾ?”

ಬೇರೆ ಗುರುಗಳಾಗಿದ್ದರೆ ಹೊಟ್ಟೆಕಿಚ್ಚು ಬಿಡಪ್ಪಾ, ಅದು ಶತ್ರು, ಅಂತ ಹೇಳಿ ಕಳಿಸುತ್ತಿದ್ದರು. ನಮ್ಮ ಮೇಷ್ಟ್ರು ಆ ಪೈಕಿ ಅಲ್ಲ. ಅವರು ಎಲೆಯಿಂದ ಒಂದು ಮಿರ್ಚಿ ಎತ್ತಿಕೊಂಡರು.

“ಅವರಿಗೂ ಉರೀತಿತ್ತು.”

“ಯಾರ ಮೇಲೆ?”

“ಪಕ್ಕದಲ್ಲಿ ಕೂತೋನ ಮೇಲೆ.”

ತಿಪ್ಪೇಶಿ ಮುಖ ಎತ್ತಿದ.

“ಇದ್ದಿದ್ದು ಒಂದೇ ಮೈಕು” ಅಂದರು ಮೇಷ್ಟ್ರು. “ಮಧ್ಯಾಹ್ನ ಭಟ್ಟಿ ನಿಂತಾಗ ಮಾತ್ರ ರೆಕಾರ್ಡಿಂಗು. ಒಬ್ಬ ಹಾಡಿದ್ರೆ ಮೂವರು ಅಕ್ಕಿ ಮೂಟೆ ಮೇಲೆ ಕೂತು ಕೇಳಬೇಕು, ಬೇರೆ ಜಾಗವೇ ಇಲ್ಲ. ಒಂದು ದಿನ ಅವರಲ್ಲಿ ಚಮನ್ ಅನ್ನೋನು ಹಾಡಿದ. ಪರಸಪ್ಪ ತಾನು ಬರೆದು ತಂದಿದ್ದ ನಾಲ್ಕು ಹಾಳೆ ನನ್ನ ಎದುರಿಗೇ ಹರಿದ. ಎರಡು ದಿನ ಯಾರ ಹತ್ರನೂ ಮಾತಾಡಲಿಲ್ಲ. ಮೂರನೇ ದಿನ ಬಂದು ಒಂದೇ ಉಸಿರಿಗೆ ಹಾಡಿದ. ಅದನ್ನ ಕೇಳಿ ಚಮನ್ ಏನಂದ ಗೊತ್ತಾ? ‘ಮೇಷ್ಟ್ರೇ, ನಂದು ಅಳಿಸಿ, ನಾನು ಮತ್ತೆ ಹಾಡ್ತೀನಿ’ ಅಂದ.”

“ಅವರೆಲ್ಲಾ ಜೀವದ ಗೆಳೆಯರು ಅಂತಿದ್ರು ಜನ.”

“ಗೆಳೆಯರೇ. ಇಲ್ದಿದ್ರೆ ಹೊಡೆದಾಡ್ಕೊಂಡು ಸಾಯ್ತಿದ್ರು.”

“ಮತ್ತೆ ನಿಂತಿದ್ದು ಯಾಕೆ? ಜಗಳ ಆಯ್ತಾ?”

“ಜಗಳ ಆಗಿದ್ರೆ ಇನ್ನೂ ಹತ್ತು ವರ್ಷ ನಡೀತಿತ್ತು ಕಣೋ.”

ಮೇಷ್ಟ್ರು ಮಿರ್ಚಿಯ ತೊಟ್ಟು ಕಿತ್ತು ಹೊಳೆಗೆ ಎಸೆದರು.

“ಒಂದು ದಿನ ಪರಸಪ್ಪ ಹಾಡಿದ. ಚಮನ್ ‘ಚೆನ್ನಾಗಿದೆ’ ಅಂದ. ಅಂದು, ಮನೆಗೆ ಊಟಕ್ಕೆ ಹೋದ.”

“ಆಮೇಲೆ?”

“ಆಮೇಲೆ ಏನು? ನಾನು ಕೋಣೆಗೆ ಬೀಗ ಹಾಕಿದೆ.”

ಊದುಬತ್ತಿ ಅರ್ಧ ಉರಿದಿತ್ತು.

“ನಿನ್ನ ಕೋಣೆಯಲ್ಲಿ ಯಾರೂ ಇಲ್ವಾ?” ಮೇಷ್ಟ್ರು ಕೇಳಿದರು. “ನಿನ್ನ ಹೊಟ್ಟೆ ಉರಿಸೋರು? ಉಸಿರಾಡೋರ ಪೈಕಿ?”

ತಿಪ್ಪೇಶಿ ನೆಲ ನೋಡಿದ.

“ಒಬ್ಬಳಿದ್ಲು. ಮುಬೀನಾ ಅಂತ. ಅವಳ ತಾಯಿ ಅದೇ ಭಟ್ಟೀಲಿ ಕೆಲಸಕ್ಕಿದಾರೆ. ಅವಳೂ ಅಲ್ಲೇ ಜರಡಿ ಹಿಡೀತಾಳೆ. ಬಂದು ಹದಿನಾರು ಸಾಲು ಹಾಡಿದ್ಲು.”

“ಎಲ್ಲಿ ಆ ಹಾಡು?”

“ತೆಗೆದುಬಿಟ್ಟೆ.”

“ಯಾಕೆ?”

“ಭಟ್ಟಿ ಸೌಂಡ್ ಅಲ್ಲ ಅಂತ.”

“ಭಟ್ಟಿಗೆ ಒಂದು ಸೌಂಡ್ ಇತ್ತು ಅಂತ ನನಗೇ ಗೊತ್ತಿರಲಿಲ್ಲ. ನಿಜ ಹೇಳೋ.”

ತಿಪ್ಪೇಶಿ ಬಂಡೆ ಮೇಲಿನ ಫೋನು ಎತ್ತಿಕೊಂಡ.

“ಅವಳದ್ದು ಇದ್ರೆ ನಂದು ಸಪ್ಪೆ ಕಾಣ್ತಿತ್ತು ಮೇಷ್ಟ್ರೇ. ಅದಕ್ಕೆ.”

“ಅಳಿಸಿಬಿಟ್ಯಾ?”

“ಇಲ್ಲ. ಫೋನಿನಲ್ಲಿದೆ. ದಿನಾ ಕೇಳ್ತೀನಿ. ಕೇಳಿದಷ್ಟೂ ಉರಿಯುತ್ತೆ.”

“ಹಾಕು.”

ಹಾಕಿದ. ತಾಳ ಇಲ್ಲ, ಏನಿಲ್ಲ. ಹಿಂದೆ ಎಲ್ಲೋ ಜರಡಿಯ ಸದ್ದು. ಒಂದು ಹೆಣ್ಣು ದನಿ.

*ಮರಳು ಕಾದ್ರೆ ಅಕ್ಕಿ ಅರಳುತ್ತೆ, ನಮ್ಮಮ್ಮಿ ಕೈ ಅರಳಲ್ಲ,*
*ಕೈ ನೋಡಿ ಭವಿಷ್ಯ ಹೇಳೋನು ಬಂದ, ಓದೋಕೆ ಗೆರೆ ಒಂದೂ ಉಳಿದಿಲ್ಲ.*

ಮೇಷ್ಟ್ರು ಎದ್ದುಬಿಟ್ಟರು. ಹೊಳೆಗಿಳಿದು ಮುಖಕ್ಕೆ ನೀರು ಎರಚಿಕೊಂಡರು. ತಿರುಗಿದಾಗ ಕಣ್ಣು ಕೆಂಪಾಗಿತ್ತು.

“ಅಯ್ಯೋ ನಿನ್ನ! ನಾಲ್ಕು ಜನರನ್ನ ಕಟ್ಕೊಂಡು ಐದು ವರ್ಷ ಬೇಯಿಸಿದೆ. ಇಂಥವೆರಡು ಸಾಲು ನನ್ನ ಮೈಕಿಗೆ ಬೀಳಲಿಲ್ಲವಲ್ಲೋ! ಈ ವಯಸ್ಸಿನಲ್ಲಿ ನನ್ನ ಹೊಟ್ಟೆ ಉರಿಸಿದ್ಯಲ್ಲೋ ಪಾಪಿ!”

ತಿಪ್ಪೇಶಿ ಬೆಪ್ಪಾಗಿ ನೋಡಿದ. ಮೇಷ್ಟ್ರಿಗೆ ನಿಜವಾಗಲೂ ಉರಿದಿತ್ತು.

“ಈಗ ನಾನೇನು ಮಾಡ್ಲಿ ಮೇಷ್ಟ್ರೇ?”

“ಎಡೆ ಮುಗೀತು. ಮಂಡಕ್ಕಿ ತಿಂದು ಎದ್ದೇಳು. ಸತ್ತೋರ ಮೇಲೆ ಎಷ್ಟು ಉರ್ಕೊಂಡ್ರೂ ಅವರು ತಿರುಗಿ ಉರ್ಕೊಳ್ಳಲ್ಲ.”

ಮಾರನೇ ದಿನ ತಿಪ್ಪೇಶಿ ಭಟ್ಟಿಗೆ ಹೋದ. ಮುಬೀನಾ ಜರಡಿ ಹಿಡಿದಿದ್ದಳು. ಮೈಯೆಲ್ಲಾ ಹೊಟ್ಟು, ಬೂದಿ. ಅವನನ್ನು ನೋಡಿ ಜರಡಿ ಇನ್ನೂ ಜೋರಾಗಿ ಆಡಿಸಿದಳು.

“ನಿನ್ನ ಹಾಡು ತೆಗೆದಿದ್ದು ತಪ್ಪಾಯ್ತು.”

“ಹೌದಾ? ಭಟ್ಟಿ ಸೌಂಡ್ ಅಲ್ಲ ಅಂದ್ಯಲ್ಲ.”

“ಸುಳ್ಳು ಹೇಳಿದೆ. ನಂದಕ್ಕಿಂತ ಮೇಲಿತ್ತು. ತಡ್ಕೊಳ್ಳೋಕೆ ಆಗಲಿಲ್ಲ.”

“ಅವತ್ತೇ ಗೊತ್ತಾಯ್ತು.”

“ಹೆಂಗೆ?”

“ನಾನು ಹಾಡಿ ಮುಗಿಸಿದಾಗ ನೀನು ಹೊರಗೆ ಹೋಗಿ ಎರಡು ಚೊಂಬು ನೀರು ಕುಡಿದೆ.”

ಮುಬೀನಾ ಜರಡಿ ಕೆಳಗಿಟ್ಟಳು. ಅವಳಿಗೂ ಹೇಳುವುದಿತ್ತು. ಹೇಳಲೋ ಬೇಡವೋ ಅಂತ ಮುಖ ತಿರುಗಿಸಿಕೊಂಡೇ ಹೇಳಿದಳು.

“ನಿನ್ನ ಅಪ್ಪನ ಮೇಲೆ ಒಂದು ಸಾಲಿತ್ತಲ್ಲ? ‘ಮಿಲ್ಲಿನ ಸೈರನ್ ನಿಂತು ಹತ್ತು ವರ್ಷ, ನಮ್ಮಪ್ಪ ಇವತ್ತಿಗೂ ಅದಕ್ಕೇ ಏಳ್ತಾನೆ.’ ಅದನ್ನ ಯಾಕೆ ಬಿಟ್ಟೆ?”

“ಅದು... ಭಟ್ಟಿಯವರು ಅಂಥವು ಬರೀತಿರಲಿಲ್ಲ.”

“ಹುಚ್ಚ! ಆ ಸಾಲು ಕೇಳಿ ನಾನು ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ನನ್ನ ಹದಿನಾರು ಸಾಲು ಹುಟ್ಟಿದ್ದೇ ಅದನ್ನ ಮೀರಿಸೋಕೆ.”

ತಿಪ್ಪೇಶಿಗೆ ಎಂಟು ವರ್ಷದಲ್ಲಿ ಯಾರೂ ಇಷ್ಟು ದೊಡ್ಡ ಮಾತು ಹೇಳಿರಲಿಲ್ಲ. ಅವನ ಮೇಲೂ ಒಬ್ಬರಿಗೆ ಹೊಟ್ಟೆ ಉರಿದಿತ್ತು!

“ಬರ್ತೀಯಾ?”

“ಬರ್ತೀನಿ. ಒಂದು ಷರತ್ತು. ನಾನು ಹಾಡುವಾಗ ನೀನು ನೀರು ಕುಡಿಯೋಕೆ ಎದ್ದು ಹೋಗಂಗಿಲ್ಲ.”

ಆ ತಿಂಗಳು ಹೇಗೆ ಕಳೆಯಿತೋ ಮಂಡಕ್ಕಿ ಭಟ್ಟಿಯ ಕೆಲಸದವರನ್ನೇ ಕೇಳಬೇಕು. ಅವನು ನಾಲ್ಕು ಸಾಲು ಬರೆದರೆ ಅವಳು ಆರು ಬರೆಯುತ್ತಿದ್ದಳು. ಅವಳದ್ದು ಕೇಳಿ ಇವನು ತನ್ನದನ್ನು ಹರಿಯುತ್ತಿದ್ದ. ಒಂದು ದಿನ ಅವನು ಹಾಡಿದ್ದು ಕೇಳಿ ಅವಳು ಮುಖ ಊದಿಸಿಕೊಂಡು ತಿರುಗಿ ನೋಡದೆ ಹೋದಳು. ತಿಪ್ಪೇಶಿ ಖುಷಿಗೆ ಬೆಣ್ಣೆ ದೋಸೆ ತಿಂದ. ಮರುದಿನ ಅವಳು ತಂದಿದ್ದನ್ನು ಕೇಳಿದ ಮೇಲೆ ಆ ದೋಸೆ ತಿಂದಿದ್ದೇ ದಂಡ ಅನ್ನಿಸಿತು.

ಪರಸಪ್ಪ ಎಲ್ಲಿ ಉಸಿರು ತಗೊಳ್ಳುತ್ತಿದ್ದ ಅನ್ನೋದು ಇಬ್ಬರಿಗೂ ಮರೆತುಹೋಗಿತ್ತು.

ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ಹೊಳೆ ದಂಡೆಗೆ ಬಂದರು. ಹಾಡು ಸಿದ್ಧವಿತ್ತು. ಮುಬೀನಾ ಅರ್ಧ, ತಿಪ್ಪೇಶಿ ಅರ್ಧ. ಬೋರ್ಡು ಗೋಡೆಗೆ ಒರಗಿಕೊಂಡೇ ಇತ್ತು. ತಿಪ್ಪೇಶಿ ಅದನ್ನೊಂದು ಸಲ ಆಸೆಯಿಂದ ನೋಡಿದ.

“ಫೋನು ಬೇಡ” ಅಂದರು ಮೇಷ್ಟ್ರು. “ಎದುರಿಗೆ ಹಾಡಿ.”

ಅವರು ತಲೆಕೆಳಗಾದ ಬಕೆಟ್ ಮೇಲೆ ಬೆರಳಿನಿಂದ ತಾಳ ಹಾಕಿದರು. ಮುಬೀನಾ ಎದ್ದು ನಿಂತಳು. ಮೊದಲ ಎಂಟು ಸಾಲು ತಿಪ್ಪೇಶಿಗೆ ಬಾಯಿಪಾಠವೇ ಆಗಿತ್ತು. ಒಂಬತ್ತನೇ ಸಾಲಿಗೆ ಅವನು ಬೆಚ್ಚಿಬಿದ್ದ. ಅದು ನಿನ್ನೆ ಇರಲಿಲ್ಲ.

*ಬೆರಳಿಟ್ರೆ ರೇಷನ್ ಅಂಗಡಿ ಮಿಷಿನ್ನು ‘ಇವಳ್ಯಾರು’ ಅಂತ ಕೇಳುತ್ತೆ,*
*ಆ ಬೆರಳು ಹಿಡ್ಕೊಂಡೇ ನಡೆಯೋಕೆ ಕಲಿತೆ ನಾನು, ಮಿಷಿನ್ನಿಗೇನು ಗೊತ್ತಾಗುತ್ತೆ.*

ಬಕೆಟ್ ಮೇಲಿದ್ದ ಮೇಷ್ಟ್ರ ಬೆರಳು ನಿಂತುಹೋಯಿತು. ಅವಳು ತಾಳ ಇಲ್ಲದೆಯೇ ಹಾಡಿ ಮುಗಿಸಿದಳು.

“ಇದು ಯಾವಾಗ ಬರೆದೆ?” ತಿಪ್ಪೇಶಿ ಕೇಳಿದ.

“ಈಗ ಬಸ್ಸಿನಲ್ಲಿ. ನೀನು ತೂಕಡಿಸ್ತಿದ್ದೆ.”

ಮೇಷ್ಟ್ರು ತಿಪ್ಪೇಶಿಯ ಕಡೆ ತಿರುಗಿದರು.

“ಹೆಂಗಿತ್ತೋ?”

ತಿಪ್ಪೇಶಿಯ ಕಿವಿ ಕೆಂಪಾಗಿತ್ತು. ಆ ಒಂದು ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡ.

“ಮೋಸ ಮಾಡಿದ್ಲು ಮೇಷ್ಟ್ರೇ ಇವಳು! ಇದಾದ ಮೇಲೆ ನಂದು ಹೆಂಗೆ ಹಾಡ್ಲಿ? ಮತ್ತೆ ಬರೀಬೇಕು.”

“ನಾಳೆ ಯುಗಾದಿ.”

“ಗೊತ್ತು.”

“ಇರೋದನ್ನೇ ಹಾಡು. ಹಾಡಿದ್ರೆ ಬೋರ್ಡು ತಗೊಂಡು ಹೋಗ್ತೀಯ. ನಾನೇ ಹೇಳ್ತಿದೀನಿ.”

ತಿಪ್ಪೇಶಿ ಬೋರ್ಡು ನೋಡಿದ. ಎಂಟು ವರ್ಷ ಅದಕ್ಕಾಗಿ ಕಾದಿದ್ದ. ಕಣ್ಣು ತುಂಬಿ ಬಂತು.

“ಬೇಡ ಮೇಷ್ಟ್ರೇ. ಒಂದು ದಿನಕ್ಕೆ ಆಗೋ ಕೆಲಸ ಅಲ್ಲ ಇದು. ಹೊಳೆಗೆ ಹಾಕ್ತೀರೋ, ಏನ್ ಮಾಡ್ತೀರೋ ಮಾಡಿ. ಒಂದು ಪೆನ್ನಿದ್ರೆ ಕೊಡಿ.”

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ಆಗ ನಕ್ಕರು. ಆ ನಗೆ ನೋಡುವುದಕ್ಕೂ ತಿಪ್ಪೇಶಿ ನಿಲ್ಲಲಿಲ್ಲ. ಹೊಂಗೆ ಮರದ ಬುಡಕ್ಕೆ ಹೋಗಿ, ಅವರಿಗೆ ಬೆನ್ನು ಹಾಕಿ ಕೂತ.

ಮುಬೀನಾ ಗೋಡೆಯ ಹತ್ತಿರ ಹೋಗಿ ಬೋರ್ಡಿನ ಧೂಳನ್ನು ವೇಲಿನಿಂದ ಒರೆಸಿದಳು. ಅಕ್ಷರ ಅರ್ಧ ಅಳಿಸಿತ್ತು.

“ಪಾಪ, ಇದಕ್ಕೆ ಎಷ್ಟು ಆಸೆಪಟ್ಟಿದ್ದ. ನಿಜವಾಗ್ಲೂ ಹೊಳೆಗೆ ಹಾಕ್ತೀರಾ ಮೇಷ್ಟ್ರೇ?”

ಮರದ ಕಡೆಯಿಂದ ಹಾಳೆ ಹರಿದ ಸದ್ದು ಬಂತು. ಮೇಷ್ಟ್ರು ಅತ್ತ ನೋಡಿ, ಮತ್ತೆ ಅವಳನ್ನು ನೋಡಿದರು.

“ಅವನಾಗಲೇ ಬರೀತಿದಾನೆ. ನೀನಿನ್ನೂ ಇಲ್ಲೇ ನಿಂತಿದೀಯಲ್ಲವ್ವ!”