ಮಹಡಿಯ ಶವರ್ ಸೋರಿದ್ದು

ಗುರುಗಳ ಕೋಣೆಯ ಛಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪಾಠ ಹೇಳುವಾಗ ಹನಿ ಅವರ ಹೆಗಲ ಮೇಲೇ ಬೀಳುತ್ತಿತ್ತು. ಅವರು ಚಾಪೆಯನ್ನು ಸ್ವಲ್ಪ ಸರಿಸಿಕೊಂಡು ಪಾಠ ಮುಂದುವರಿಸುತ್ತಿದ್ದರು.

ಆ ಕೋಣೆಯ ಮೇಲೆ ಆಶ್ರಮದ ಬಚ್ಚಲುಮನೆ. ಗುರುಗಳು ಹೊಳೆಯಲ್ಲಿ ಮೀಯುತ್ತಿದ್ದರು. ಮಹಡಿಯಲ್ಲಿ ಮೀಯುವವರು ಇಬ್ಬರೇ. ಒಬ್ಬ ಶಿಷ್ಯ ಶ್ರೀಪತಿ. ಇನ್ನೊಬ್ಬಳು, ಅಂಗಳ ಗುಡಿಸಿಕೊಂಡು ಹನ್ನೊಂದು ವರ್ಷದಿಂದ ಆಶ್ರಮದಲ್ಲೇ ಇದ್ದ ಈರಕ್ಕ.

ಈರಕ್ಕನಿಗೆ ಮೊದಲು ಹೊಳೆದಂಡೆಯಲ್ಲಿ ತಗಡಿನ ಬಚ್ಚಲಿತ್ತು. ನೆರೆ ಬಂದು ಅದು ಕೊಚ್ಚಿಹೋಯಿತು. "ಇನ್ನು ಮಹಡಿಯಲ್ಲೇ ಮೀಯಿ, ತಾಯಿ" ಎಂದಿದ್ದರು ಗುರುಗಳು.

ಸೋರಲು ಶುರುವಾದದ್ದು ಆ ವಾರವೇ.

"ಅವಳು ಬಂದಮೇಲೇ ಗುರುಗಳೇ," ಎಂದ ಶ್ರೀಪತಿ. "ಚೆನ್ನಾಗಿದ್ದ ಶವರು. ಏನು ತಿರುಗಿಸಿದಳೋ, ಏನು ಮುರಿದಳೋ."

ಈರಕ್ಕ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು.

"ಅಯ್ಯೋ ಶಿವನೇ! ಅದರ ಕಿವಿ ಯಾವ ಕಡೆ ತಿರುಗುತ್ತೆ ಅಂತಾನೇ ನಂಗೆ ಗೊತ್ತಿಲ್ಲ, ಸಣ್ಣ ಸ್ವಾಮಿ. ಬಕೆಟ್ಟಲ್ಲಿ ಹಿಡಕೊಂಡು ನಾಕು ಚೊಂಬು ಹುಯ್ಕೊಂತೀನಿ, ಆಯ್ತು. ಆ ತೂತಿನ ನೀರು ನಿಮಗೇ ಇರಲಿ."

"ಮುರಿದವರು ಮುರಿದೆ ಅಂತ ಹೇಳ್ತಾರಾ? ಇವತ್ತೇ ಹೊರಡು."

ಈರಕ್ಕ ಗುರುಗಳ ಮುಖ ನೋಡಿದಳು.

ಗುರುಗಳು ಪುಸ್ತಕದ ಪುಟ ತಿರುಗಿಸಿದರು.

ಮಧ್ಯಾಹ್ನದ ಹೊತ್ತಿಗೆ ಅವಳು ಎರಡು ಸೀರೆ, ಒಂದು ಕಂಬಳಿ ಗಂಟು ಕಟ್ಟಿಕೊಂಡು ತಂಗಿಯ ಊರಿಗೆ ಹೊರಟುಹೋದಳು.

ಮರುದಿನ ಶ್ರೀಪತಿ ಮಿಂದು, ಮಡಿಯುಟ್ಟು ಪಾಠಕ್ಕೆ ಬಂದ. ಹನಿ ಬೀಳುತ್ತಿತ್ತು.

"ಒಳಗೆ ಉಳಿದಿದ್ದ ಹಳೇ ನೀರು ಗುರುಗಳೇ. ಇಳಿದುಹೋಗುತ್ತೆ."

ಎಂಟು ದಿನವಾದರೂ ಇಳಿದುಹೋಗಲಿಲ್ಲ.

"ಎಲ್ಲಿಂದ ಬರುತ್ತಿದೆ ಅಂತ ಹುಡುಕು," ಎಂದರು ಗುರುಗಳು.

ಶ್ರೀಪತಿ ನಲ್ಲಿಗೆ ದಾರ ಸುತ್ತಿ ಬಿಗಿಮಾಡಿದ. ನೀರು ಹೋಗುವ ಕಂಡಿಯ ಸುತ್ತ ಸಿಮೆಂಟು ಮೆತ್ತಿದ. ಮಂಡಿಯೂರಿ ಕೂತು ಟೈಲ್ಸಿನ ಸಂದಿಗಳನ್ನೆಲ್ಲ ಮುಚ್ಚಿದ. ಹನಿ ನಿಲ್ಲಲಿಲ್ಲ.

"ಸಿಗಲಿಲ್ಲ ಗುರುಗಳೇ."

"ಮೂರು ದಿನ ಈರಕ್ಕನ ಹಾಗೆ ಮೀಯಿ. ಬಕೆಟ್ಟು, ಚೊಂಬು. ಶವರ್ ಮುಟ್ಟಬೇಡ."

ಹಾಗೇ ಮಿಂದ. ಮೂರನೆಯ ದಿನ ಛಾವಣಿ ಒಣಗಿತ್ತು.

"ಈಗ ನಿನ್ನ ಹಾಗೆ ಮೀಯಿ."

ಶ್ರೀಪತಿ ಮೇಲೆ ಹೋಗಿ ಶವರ್ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಗುರುಗಳು ಕೆಳಗಿನಿಂದ ಕೂಗಿದರು.

"ಬಂತು!"

ನೀರನ್ನು ಹಾಗೇ ಬಿಟ್ಟು ಶ್ರೀಪತಿ ಗೋಡೆ ನೋಡಿದ. ನಲ್ಲಿಯಿಂದ ಹೊರಟ ಪೈಪು ಗೋಡೆಯೊಳಗೇ ಏರಿ, ಬಾಗಿಲ ಪಕ್ಕ ಹಾದು, ಶವರಿಗೆ ಹೋಗುತ್ತಿತ್ತು. ಬಾಗಿಲ ಪಕ್ಕ, ಎತ್ತರದಲ್ಲಿ, ಅವನ ಪಂಚೆ ನೇತಾಡುತ್ತಿತ್ತು. ಪಂಚೆ ಎತ್ತಿದ. ಅದನ್ನು ನೇತುಹಾಕಿದ್ದ ಮೊಳೆಯ ಬುಡದಲ್ಲಿ ನೀರು ಜಿನುಗುತ್ತಿತ್ತು.

ಶವರ್ ನಿಲ್ಲಿಸಿದ. ಜಿನುಗುವುದು ನಿಂತಿತು.

ಅವನು ಒದ್ದೆ ಮೈಯಲ್ಲೇ ಕೆಳಗೆ ಬಂದ.

"ಮೊಳೆ ಗುರುಗಳೇ. ಪೈಪಿಗೆ ಇಳಿದಿದೆ."

"ಯಾರು ಹೊಡೆದದ್ದು?"

"ನಾನು."

"ಯಾವಾಗ?"

"ಅವಳು ಮಹಡಿಯಲ್ಲಿ ಮೀಯೋಕೆ ಶುರುಮಾಡಿದ ದಿನ."

"ಯಾಕೆ? ಬಟ್ಟೆ ಹಾಕಲು ಹಗ್ಗ ಇತ್ತಲ್ಲ."

ಶ್ರೀಪತಿ ನೆಲ ನೋಡಿದ.

"ಹಗ್ಗದ ಮೇಲೆ ಅವಳ ಸೀರೆ ಇರುತ್ತಿತ್ತು. ನನ್ನ ಮಡಿಪಂಚೆಗೆ ತಾಗಬಾರದು ಅಂತ..."

ಅವನು ಮೈ ಒರೆಸಿಕೊಂಡು, ಈರಕ್ಕನ ತಂಗಿಯ ಊರಿನ ದಾರಿ ಹಿಡಿದ. ಬರುವಾಗ ಸಂಜೆಯಾಗಿತ್ತು. ಒಬ್ಬನೇ ಬಂದ.

"ಸಿಕ್ಕಳಾ?" ಎಂದರು ಗುರುಗಳು.

"ಸಿಕ್ಕಳು. ಕಾಲಿಗೆ ಬಿದ್ದೆ. 'ಏಳಿ ಏಳಿ, ನೋಡಿದವರು ಏನಂದಾರು' ಅಂತ ಬೈದಳು. 'ಬಿಸಿಲಲ್ಲಿ ಬಂದೀರಿ' ಅಂತ ಮಜ್ಜಿಗೆ ಕೊಟ್ಟಳು. ಕುಡಿದೆ."

"ಮತ್ತೆ ಬರಲಿಲ್ಲವೇಕೆ?"

ಶ್ರೀಪತಿ ಹೇಳಲೋ ಬೇಡವೋ ಎಂದು ತಡೆದ.

"'ನೀವು ಸಣ್ಣೋರು, ನಿಮ್ಮ ಮಾತು ಆವತ್ತೇ ಮರೆತೆ. ದೊಡ್ಡೋರು ತಲೆ ಎತ್ತಲಿಲ್ಲವಲ್ಲ. ಇನ್ನು ಆ ಅಂಗಳಕ್ಕೆ ಹೆಂಗೆ ಕಾಲಿಡಲಿ?' ಅಂದಳು."

ಗುರುಗಳು ಛಾವಣಿ ನೋಡಿದರು.

"ಅವಳು ಮೀಯುವಾಗ ಚೊಂಬಿನ ಸದ್ದು ಈ ಕೋಣೆಗೆ ಕೇಳುತ್ತಿತ್ತು," ಎಂದರು. "ಆಗೆಲ್ಲ ಒಂದು ಹನಿಯೂ ಬಿದ್ದಿರಲಿಲ್ಲ."

ಶ್ರೀಪತಿ ತಲೆ ಎತ್ತಿದ.

"ಹಾಗಾದರೆ ನಿಮಗೆ ಮೊದಲೇ ಗೊತ್ತಿತ್ತು! ಆವತ್ತು ಯಾಕೆ ಹೇಳಲಿಲ್ಲ ಗುರುಗಳೇ?"

"ಗುಡಿಸುವವಳು ಇನ್ನೊಬ್ಬಳು ಸಿಕ್ಕಾಳು, ಶಿಷ್ಯ ಸಿಕ್ಕಾನೇ ಅಂದುಕೊಂಡೆ."