ಬಾಲಿಯಿಂದ ಬಂದ ಎಳೆ

ಅವನ ಹೆಸರು ಗ್ಯಾನಪ್ಪ. ಹೆಸರಿಟ್ಟವರ ತಪ್ಪಲ್ಲ ಬಿಡಿ, ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡಿ ಯಾರಿಗೆ ಏನು ತಿಳಿದೀತು! ಮೂವತ್ತು ದಾಟಿತು, ಮೀಸೆ ಬಂತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು. ಅವನ ಅವ್ವ ಬಾಳವ್ವ, ಇಳಕಲ್ಲ ಕಡೆಯ ಒಂದು ನೇಕಾರರ ಓಣಿಯಲ್ಲಿ ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ನಲವತ್ತು ವರ್ಷ ಸೀರೆ ನೇಯ್ದವಳು.

ಒಮ್ಮೆ ಅವಳು ಅಂದಳು: "ಗ್ಯಾನ್ಯಾ, ಬಣ್ಣದ ನೂಲು ಹೊರಗ ಹಾಕೀನಿ. ಒಣಗೋತನಕ ಕಾಯ್ಕೊಂಡು ಕುಂದರು."

ಕುಂತ. ಮೋಡ ಬಂತು, ಕುಂತ. ಮಳೆ ಬಂತು, ಕುಂತ. ಬಾಳವ್ವ ಹೊರಗೆ ಬಂದು ನೋಡಿದರೆ ನೂಲೂ ತೊಯ್ದಿದೆ, ಮಗನೂ ತೊಯ್ದಿದ್ದಾನೆ, ಅಂಗಳದ ತುಂಬ ಕೆಂಪು ನೀರು!

"ಒಳಗ ಯಾಕ ತರಲಿಲ್ಲೋ?"

"ಇನ್ನೂ ಒಣಗಿಲ್ಲವ್ವ!"

ಬಾಳವ್ವ ಹಣೆ ಹಣೆ ಬಡಿದುಕೊಂಡಳು. ಅವಳಿಗೆ ಮಗನ ಮೇಲೆ ಸಿಟ್ಟಿಗಿಂತ ಹೆದರಿಕೆ ಹೆಚ್ಚು. ತಾನಿರುವ ತನಕ ಸರಿ, ಆಮೇಲೆ ಇವನನ್ನು ಯಾರು ಸೈರಿಸುತ್ತಾರೆ? ಅದೊಂದೇ ಯೋಚನೆ ಅವಳಿಗೆ, ಲಾಳಿ ಅತ್ತ ಹೋದರೂ ಅದೇ, ಇತ್ತ ಬಂದರೂ ಅದೇ.

ಇಂಥವನಿಗೂ ಒಂದು ವಿದ್ಯೆ ಬರುತ್ತಿತ್ತು. ಹರಿದ ಎಳೆಗೆ ಎಳೆ ಸೇರಿಸಿ ಹೊಸೆದು ಒಂದು ಮಾಡುವುದು, ನೇಕಾರರು ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. "ಎಳಿ ಹರದ್ರ ಕೂಡಿಸು, ಕೂಡಿಸದ ಏಳಬ್ಯಾಡ" ಎಂದು ಅವನು ಆರು ವರ್ಷದವನಿದ್ದಾಗ ಅವ್ವ ಹೇಳಿದ್ದಳು. ಅದೊಂದು ಮಾತು ಅವನ ತಲೆಯಲ್ಲಿ ಸರಿಯಾಗಿ ಕೂತಿತ್ತು.

ಹೀಗಿರುವಾಗ ಬಾಲಿ ದ್ವೀಪದಲ್ಲಿ ಕೈಮಗ್ಗದವರ ಮೇಳ ಅಂತ ಆಯಿತು. ಓಣಿಯ ಮೂವರಿಗೆ ಕರೆ ಬಂತು. ಬಾಳವ್ವನ ಮೊಣಕಾಲು ಮಗ್ಗದ ಕುಣಿಗೇ ಒಗ್ಗಿಬಿಟ್ಟಿದ್ದವು, ವಿಮಾನದ ಮೆಟ್ಟಿಲು ಹತ್ತುವುದೆಲ್ಲಿ! ತನ್ನ ಬದಲು ಮಗನನ್ನು ಕಳಿಸಿದಳು. ಜೊತೆಗೆ ಹೊರಟವರು ಅವನ ಚಿಕ್ಕಂದಿನ ಗೆಳೆಯರು: ಎದುರುಮನೆಯ ಮುರಿಗೆಪ್ಪ, ಎಂಟು ಮಗ್ಗದ ಒಡೆಯ. ಇನ್ನೊಬ್ಬ ಕಳಕಪ್ಪ, ಬಾಯಿ ದೊಡ್ಡದು, ಹೊಟ್ಟೆ ಅದಕ್ಕಿಂತ ದೊಡ್ಡದು.

ಬಾಳವ್ವ ಮುರಿಗೆಪ್ಪನನ್ನು ಬದಿಗೆ ಕರೆದಳು. "ತಮ್ಮಾ, ನಾ ಇಲ್ಲದ ಊರಾಗ ಇಂವ ಒಂದು ದಿನ ನೆಟ್ಟಗ ಇರ್ತಾನೇನು ನೋಡು. ಇದ್ದರ ನಿನ್ನ ಮಗ್ಗದ ಮನ್ಯಾಗ ಕೆಚ್ಚೋ ಕೆಲಸ ಕೊಡು. ನನಗೂ ನಿದ್ದಿ ಬರ್ತೈತಿ."

"ನೋಡೂಣು ಚಿಗವ್ವ," ಅಂದ ಮುರಿಗೆಪ್ಪ.

ಮಗನಿಗೆ ಹೇಳಿದ್ದು ಇಷ್ಟೇ: "ಗೆಳ್ಯಾರು ಹೇಳಿದಂಗ ಕೇಳು."

ಕೇಳುವುದರಲ್ಲಿ ಅವನಿಗೆ ಸರಿಸಾಟಿ ಯಾರು!

ಮೇಳದ ಮೂರು ದಿನ ಗ್ಯಾನಪ್ಪನನ್ನು ಒಂದು ಕುರ್ಚಿಯಲ್ಲಿ ಕೂರಿಸಿದ್ದರು, ಕೂತಿದ್ದ. ನಾಲ್ಕನೆಯ ದಿನ ಬಿಡುವು. ಕೆತುತ್ ಅನ್ನುವ ಅಲ್ಲಿನ ಗೆಳೆಯ ವ್ಯಾನು ತಂದ. ಹಳೆಯ ಗುಡಿ, ಆಮೇಲೆ ಜಲಪಾತ, ಆಮೇಲೆ ನೇಕಾರರ ಹಳೆಯ ಊರು, ಇಷ್ಟು ನೋಡಿ ಸಂಜೆಗೆ ತಿರುಗಿ ಬರುವುದು. ಮುರಿಗೆಪ್ಪ ಮನಸ್ಸಿನಲ್ಲೇ ಅಂದುಕೊಂಡ, ಇವತ್ತು ಪರೀಕ್ಷೆ.

ಗುಡಿಯ ಬಾಗಿಲಲ್ಲಿ ಎಲ್ಲರಿಗೂ ಸೊಂಟಕ್ಕೆ ಬಟ್ಟೆ ಸುತ್ತಿಕೊಳ್ಳಲು ಕೊಟ್ಟರು. ನೆಲದ ಮೇಲೆ ಸಾಲಾಗಿ ತೆಂಗಿನ ಗರಿಯ ಪುಟ್ಟ ಪುಟ್ಟ ತಟ್ಟೆ, ಅದರಲ್ಲಿ ಹೂವು, ನಾಲ್ಕು ಅಗುಳು ಅನ್ನ. ಅಲ್ಲಿಯವರ ನೈವೇದ್ಯ ಅದು. ಗ್ಯಾನಪ್ಪ ನೋಡಿದ. ಅನ್ನ! ನೆಲದ ಮೇಲೆ! ಕಾಲಿಗೆ ಸಿಗುವ ಜಾಗದಲ್ಲಿ! ಮನೆಯಲ್ಲಿ ಒಂದು ಅಗುಳು ಬಿದ್ದರೂ ಅವ್ವ ಎತ್ತಿಸುತ್ತಿದ್ದಳು. ಬಗ್ಗಿದ, ಎತ್ತಿದ, ಗೋಡೆಯ ಮೇಲಿಟ್ಟ. ಬಗ್ಗಿದ, ಎತ್ತಿದ, ಇಟ್ಟ. ಗುಡಿಯ ಹೆಂಗಸರು ಓಡಿ ಬರುವಷ್ಟರಲ್ಲಿ ಮೂವತ್ತೆರಡು ತಟ್ಟೆ ಗೋಡೆ ಏರಿದ್ದವು.

ಮುರಿಗೆಪ್ಪ ಎಲ್ಲರಿಗೂ ಕೈಮುಗಿದು ಸಾಕಾದ. "ಲೇ ಹುಚ್ಚಪ್ಪಾ! ಈ ದೇಶದಾಗ ನೆಲದ ಮ್ಯಾಲ ಇದ್ದದ್ದು ದೇವರದು! ಮುಟ್ಟಬ್ಯಾಡ! ಸುತ್ತ ಹಾಕು, ಕೈಮುಗಿ, ಮುಂದ ನಡಿ!"

"ಹೂಂನಪ್ಪ," ಅಂದ ಗ್ಯಾನಪ್ಪ.

ಜಲಪಾತಕ್ಕೆ ಇನ್ನೂರು ಮೆಟ್ಟಿಲು ಇಳಿಯಬೇಕು. ಪಾಚಿಗಟ್ಟಿದ ಮೆಟ್ಟಿಲು. ಮುರಿಗೆಪ್ಪ, ಕೆತುತ್ ಮುಂದೆ ಹೋದರು. ಕಳಕಪ್ಪ ಮೊಬೈಲು ಎತ್ತಿ ಫೋಟೋ ಹೊಡೆಯುತ್ತಾ ಇಳಿದ, ಜಾರಿದ, ದೊಪ್ಪಂತ ಅಂಗಾತ ಬಿದ್ದ!

"ಅಯ್ಯಯ್ಯೋ, ನನ್ನ ಸೊಂಟ! ಗ್ಯಾನ್ಯಾ, ಎಬ್ಬಿಸಲೇ!"

ಗ್ಯಾನಪ್ಪ ಬಂದ. ನೋಡಿದ. ನೆಲದ ಮೇಲಿದ್ದಾನೆ. ಮುಟ್ಟಲಿಲ್ಲ. ಭಕ್ತಿಯಿಂದ ಒಂದು ಸುತ್ತು ಹಾಕಿದ. ಕೈಮುಗಿದ. ಮುಂದೆ ನಡೆದ.

ಯಾರೋ ಪರದೇಶದವರು ಕಳಕಪ್ಪನನ್ನು ಎಬ್ಬಿಸಿ ತಂದರು. ಅವನ ಬಾಯಿ ಜಲಪಾತದ ಸದ್ದನ್ನೂ ಮೀರಿತು. "ಬಿದ್ದವರಿಗೆ ಸುತ್ತ ಹಾಕ್ತಾರೇನಲೇ? ಬೀಳೋದು ಕಂಡ್ರ ಎರಡೂ ಕೈಲೆ ಹಿಡಿ! ಗಟ್ಟಿ ಹಿಡಿ! ಸಾಕು ಅನ್ನೋತನಕ ಬಿಡಬ್ಯಾಡ!"

"ಹೂಂನಪ್ಪ."

ತಿರುವು ದಾಟಿದರೆ ಜಲಪಾತ. ಅಷ್ಟು ಎತ್ತರದಿಂದ ಅಷ್ಟು ನೀರು! ಗ್ಯಾನಪ್ಪ ಬಾಯಿ ಬಿಟ್ಟು ನಿಂತ. ಬೀಳುತ್ತಿದೆ. ಸುತ್ತ ಇಷ್ಟು ಜನ ನಿಂತಿದ್ದಾರೆ, ನಗುತ್ತಿದ್ದಾರೆ, ಒಬ್ಬರಾದರೂ ಹಿಡಿಯುತ್ತಿಲ್ಲ. ಅಂಗಿ ಸಮೇತ ನೀರಿಗಿಳಿದ, ಧಾರೆಯ ಕೆಳಗೆ ಹೋಗಿ ಎರಡೂ ಕೈ ಮೇಲೆತ್ತಿ ಹಿಡಿದ. ನೀರು ತಲೆಗೆ ಬಡಿಯಿತು, ಹೆಗಲಿಗೆ ಬಡಿಯಿತು. ಬಿಡಲಿಲ್ಲ. ತುಟಿ ನೀಲಿಯಾಯಿತು. ಬಿಡಲಿಲ್ಲ.

"ಹೊರಗ ಬಾರಲೇ!" ಮುರಿಗೆಪ್ಪ ಕೂಗಿದ.

"ಸಾಕು ಅಂದಿಲ್ಲಪ್ಪ!"

"ಯಾರು?"

"ನೀರು!"

ಕೊನೆಗೆ ಕಳಕಪ್ಪ ದಂಡೆಯ ಮೇಲೆ ನಿಂತು "ಸಾಕು! ಸಾಕಪ್ಪ ಸಾಕು!" ಎಂದು ಹತ್ತು ಸಲ ಒದರಿದ ಮೇಲೆ ಕೈ ಇಳಿಸಿದ. ಇಳಿಸಿ ಹಿಂತಿರುಗಿ ನೋಡಿದ. ಅವನು ಬಿಟ್ಟರೂ ನೀರು ಹಾಗೇ ಬೀಳುತ್ತಿತ್ತು, ಹಾಗೇ ಎದ್ದು ಹರಿದು ಹೋಗುತ್ತಿತ್ತು. ಬಹಳ ಹೊತ್ತು ನೋಡುತ್ತ ನಿಂತ. ಅವನ ತಲೆಯಲ್ಲಿ ಏನು ನಡೆಯಿತೋ, ನನಗೆ ಗೊತ್ತಿಲ್ಲ.

ಮುರಿಗೆಪ್ಪ ಟವೆಲಿನಿಂದ ಅವನ ತಲೆ ಒರೆಸಿದ. ಬೈಯುತ್ತಲೇ ಒರೆಸಿದ. "ಸಿಕ್ಕಿದ್ದೆಲ್ಲ ಹಿಡಿಯೂದಲ್ಲಲೇ. ಯಾರರ ಪ್ರೀತಿಲೆ ಕೈಗೆ ಕೊಟ್ರ ಅಷ್ಟ ಹಿಡಿ. ಕೊಟ್ಟದ್ದನ್ನ ಕೆಳಗ ಇಡಬ್ಯಾಡ, ಊರಿಗೆ ಒಯ್ದು ನಿಮ್ಮವ್ವನ ಕೈಯಾಗ ಇಡು. ತಿಳೀತಿಲ್ಲೋ?"

"ತಿಳೀತಪ್ಪ."

ಹಳೆಯ ಊರಿಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಕಲ್ಲು ಹಾಸಿದ ಓಣಿ, ಹುಲ್ಲಿನ ಮಾಡು, ಜಗಲಿ ಜಗಲಿಗೂ ಮಗ್ಗ. ಒಂದು ಜಗಲಿಯಲ್ಲಿ ಒಬ್ಬ ಅಜ್ಜಿ, ಬೆನ್ನಿಗೆ ಪಟ್ಟಿ ಕಟ್ಟಿ ಮಗ್ಗವನ್ನು ಮೈಗೇ ಬಿಗಿದುಕೊಂಡು ನೇಯುತ್ತಿದ್ದಳು. ಅವರ ಮಗ್ಗ ಬೇರೆ, ಕೂತ ರೀತಿ ಬೇರೆ, ಆದರೆ ಎಳೆ ಹಿಡಿದ ಬೆರಳು ಬಾಳವ್ವನದೇ. ಗ್ಯಾನಪ್ಪ ಅವಳ ಮುಂದೆ ಕೂತುಬಿಟ್ಟ. ಅಜ್ಜಿ ನಕ್ಕಳು. ಮಗ್ಗ ಬಿಚ್ಚಿಟ್ಟು, ಕೆಂಪು ನೂಲಿನ ಲಡಿಯನ್ನು ತಿರುಗುವ ಚೌಕಟ್ಟಿಗೆ ಹಾಕಿ, ಎಳೆಯ ತುದಿಯನ್ನು ಅವನ ಕೈಗೆ ಕೊಟ್ಟಳು, ಒಂದು ಗಳಿಗೆ ಹಿಡಿದುಕೋ ಅಂತ ಸನ್ನೆ ಮಾಡಿ.

ಅವನು ಎರಡೂ ಕೈಯಲ್ಲಿ ತಗೊಂಡ. ಅಜ್ಜಿ ನೂಲು ಸುತ್ತುವ ಗೂಟ ತರಲು ಒಳಗೆ ಹೋದಳು.

ಅಷ್ಟರಲ್ಲಿ ಓಣಿಯ ತುದಿಯಿಂದ ಕಳಕಪ್ಪನ ಕೂಗು: "ಗ್ಯಾನ್ಯಾ, ಹೊತ್ತಾತು, ಬಾ!"

ಗೆಳೆಯರು ಹೇಳಿದ ಹಾಗೆ ಕೇಳಬೇಕು. ಎದ್ದ. ಕೊಟ್ಟದ್ದನ್ನು ಕೆಳಗಿಡಬಾರದು. ಇಡಲಿಲ್ಲ. ಅಜ್ಜಿ ಒಳಗಿನಿಂದ ಗೂಟ ತರುವಷ್ಟರಲ್ಲಿ ಚೌಕಟ್ಟು ಗಿರಗಿರ ತಿರುಗುತ್ತಿದೆ, ಎಳೆ ಹೊರಟಿದೆ! ಓಣಿ ದಾಟಿತು, ಬಾವಿ ದಾಟಿತು, ದಾಸವಾಳದ ಬೇಲಿ ದಾಟಿತು. ಗ್ಯಾನಪ್ಪ ವ್ಯಾನು ಹತ್ತಿದ. ಎಳೆಯೂ ಕಿಟಕಿಯಿಂದ ಹತ್ತಿತು. ವ್ಯಾನು ಹೊರಟಿತು. ಊರಿನವರೆಲ್ಲ ಹಿಂದಿನಿಂದ ಓಡುತ್ತಿದ್ದಾರೆ, ಕಳಕಪ್ಪ ಬೀಳ್ಕೊಡುತ್ತಿದ್ದಾರೆ ಅಂದುಕೊಂಡು ಕೈ ಬೀಸುತ್ತಿದ್ದಾನೆ!

ಮೊದಲ ತಿರುವಿನಲ್ಲಿ ಟಪ್ ಅಂತ ಹರಿಯಿತು.

"ಹರೀತು! ನಿಲ್ಲಸ್ರಿ! ಹರೀತು!"

ಮುರಿಗೆಪ್ಪ ಅವನ ಕೈ ನೋಡಿದ, ಹಿಂದಿನ ದಾರಿ ನೋಡಿದ, ಕಣ್ಣು ಮುಚ್ಚಿದ. "ಆತು. ಮುಗೀತು. ನಿಮ್ಮವ್ವಗ ನಾ ಏನಂತ ಹೇಳಲಿ? ಇಂಥಾವನ್ನ ನನ್ನ ಎಂಟು ಮಗ್ಗದ ನಡುವ ಹ್ಯಾಂಗ ಬಿಡಲಿ?"

ಗ್ಯಾನಪ್ಪ ಆಗಲೇ ಇಳಿದು ಓಡಿದ್ದ. ಎಳೆ ಹರಿದರೆ ಕೂಡಿಸಬೇಕು. ಇನ್ನೊಂದು ತುದಿ ಬೇಲಿಯಲ್ಲಿ ಸಿಕ್ಕಿತು. ದಾರಿಯ ನಡುವೆ ಮಂಡಿಯೂರಿ ಎರಡು ತುದಿ ಬಿಡಿಸಿದ, ಒಂದರ ಮೇಲೊಂದಿಟ್ಟ, ಎಂಜಲು ಹಚ್ಚಿ ಬೆರಳಲ್ಲಿ ಹೊಸೆದ. ಹಿಂದೆ ಬೈಕುಗಳು ನಿಂತವು. ಯಾರೂ ಹಾರ್ನು ಹಾಕಲಿಲ್ಲ.

ಅಜ್ಜಿ ಏದುಸಿರು ಬಿಡುತ್ತ ಬಂದಳು. ಮುರಿಗೆಪ್ಪ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ. ಅಜ್ಜಿ ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ಎಳೆದಳು, ಎಲ್ಲಿ ಕೂಡಿಸಿದ್ದು ಅಂತ ಹುಡುಕಿ. ಸಿಗಲಿಲ್ಲ. ಮತ್ತೆ ಎಳೆದಳು. ಸಿಗಲಿಲ್ಲ. ಮೂರನೆಯ ಸಲ ಎಳೆದು, ಗ್ಯಾನಪ್ಪನ ಮುಖ ನೋಡಿ, ಏನೋ ಕೇಳಿದಳು.

"ಇದನ್ನ ಕಲಿಸಿದವರು ಯಾರು ಅಂತ ಕೇಳ್ತಾರ," ಅಂದ ಕಳಕಪ್ಪ, ಕೆತುತ್ ಹೇಳಿದ್ದನ್ನು ತಿಳಿದುಕೊಂಡು.

"ನಮ್ಮವ್ವ," ಅಂದ ಗ್ಯಾನಪ್ಪ.

ಅಜ್ಜಿ ಕೆಚ್ಚಿದ ಜಾಗ ಒಳಗೇ ಇರಲಿ ಅಂತ ಅಂದಾಜಿಗೆ ಧಾರಾಳ ಅಳೆದು, ಅಷ್ಟುದ್ದ ಎಳೆ ಕತ್ತರಿಸಿ, ಸುತ್ತಿ ಅವನ ಎರಡೂ ಕೈಯಲ್ಲಿಟ್ಟಳು. ವ್ಯಾನಿನಲ್ಲಿ ಮುರಿಗೆಪ್ಪ ಅದನ್ನು ಕೇಳಿ ಇಸಕೊಂಡ. ಅವನೂ ನೇಕಾರ. ಹುಡುಕಿದ, ಸಿಗಲಿಲ್ಲ. ಜೋಪಾನವಾಗಿ ಸುತ್ತಿ ಗ್ಯಾನಪ್ಪನ ಕೈಗೇ ತಿರುಗಿ ಕೊಟ್ಟ.

"ಊರಿಗೆ ಹೋದಮ್ಯಾಲ ಕೆಲಸಕ್ಕ ಬಾ," ಅಂದ ಕೊನೆಗೆ. "ಆದ್ರ ಒಂದು ಮಾತು. ಕುಂತಲ್ಲಿಂದ ಏಳಬ್ಯಾಡ. ನಿಮ್ಮವ್ವ ಕರದ್ರ ಮಾತ್ರ ಓಡು."

ಊರಿಗೆ ಬಂದು ಎಳೆಯನ್ನು ಅವ್ವನ ಕೈಯಲ್ಲಿಟ್ಟ. ಬಾಳವ್ವ ಬೆರಳಾಡಿಸಿದಳು, ಒಂದು ಕಡೆ ನಿಲ್ಲಿಸಿದಳು. "ಇಲ್ಲೈತಿ."

"ಆ ಅಜ್ಜಿಗೆ ಸಿಗಲಿಲ್ಲವ್ವ."

"ಅಕಿ ನಿನ್ನ ಹಡದಾಕಿ ಅಲ್ಲ." ಹೀಗಂದು ಕಣ್ಣು ಒರೆಸಿಕೊಂಡಳು. "ನೀರು ಬೀಳೂದು ನೋಡಿದ್ಯಂತ, ಮುರಿಗೆಪ್ಪ ಅಂದ."

"ನೋಡಿದೆ. ನಾ ಭಾಳ ಹೊತ್ತು ಹಿಡದೆ. ಆಮ್ಯಾಲ ಬಿಟ್ಟೆ. ಬಿಟ್ರೂ ಅದಕ್ಕ ಏನೂ ಆಗಲಿಲ್ಲವ್ವ. ಎದ್ದು ಹೋತು."

ಬಾಳವ್ವ ಮಗನನ್ನೇ ನೋಡಿದಳು. ಮಗ ಎಲ್ಲಿ ಬಿದ್ದಾನೋ ಎಂದು ಮೂವತ್ತು ವರ್ಷದಿಂದ ಅವಳೂ ಕೈ ಮೇಲೆತ್ತಿ ನಿಂತವಳೇ. ಅವತ್ತು ಅವಳಿಗೆ ನಿದ್ದೆ ಬಂತು, ಬಹಳ ವರ್ಷದ ಮೇಲೆ.

ಮರುದಿನ ಗ್ಯಾನಪ್ಪ ಎದುರುಮನೆಗೆ ಕೆಲಸಕ್ಕೆ ಹೋದ. ಹೋಗುವ ಮೊದಲು ಯೋಚಿಸಿದ. ಅವನೂ ಯೋಚಿಸುತ್ತಾನೆ! ಎಂಟು ಮಗ್ಗದ ಸದ್ದಿನಲ್ಲಿ ಅವ್ವ ಕರೆದರೆ ಕೇಳುವುದು ಹೇಗೆ? ಬಾಲಿಯ ಎಳೆ ತಗೊಂಡ, ಸಾಲದ್ದಕ್ಕೆ ಮನೆಯ ನೂಲು ಕೆಚ್ಚಿದ. ಒಂದು ತುದಿ ಅವ್ವನ ಮಗ್ಗದಲ್ಲಿ ನೂಲು ಬಡಿಯುವ ಹಲಗೆಗೆ ಕಟ್ಟಿದ, ಓಣಿ ದಾಟಿಸಿ ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಕಟ್ಟಿ ಕೂತ.

ಬಾಳವ್ವ ಲಾಳಿ ಹೊಡೆದಳು, ಹಲಗೆ ಎಳೆದಳು, ಅಲ್ಲಿ ಮುಂಗೈ ಜಗ್ಗಿತು. ಧಡಧಡ ಓಡಿ ಬಂದ ಮಗ.

"ಕರದ್ಯಾ ಅವ್ವ?"

"ಇಲ್ಲೋ, ಹೋಗು!"

ಹೋದ. ಹಲಗೆ ಎಳೆದಳು. ಬಂದ. "ಕರದ್ಯಾ ಅವ್ವ?" ಹೋದ. ಎಳೆದಳು. ಬಂದ. ಮಧ್ಯಾಹ್ನದೊಳಗೆ ನಲವತ್ತು ಸಲ! ಅಲ್ಲಿ ಕೆಚ್ಚುವ ಕೆಲಸ ನಿಂತಿತು, ಇಲ್ಲಿ ಸೀರೆ ನಿಂತಿತು, ಓಣಿಯಲ್ಲಿ ಎಮ್ಮೆಗಳು ಎಳೆಯ ಆಚೆ ನಾಲ್ಕು, ಈಚೆ ಮೂರು ನಿಂತವು. ಮುರಿಗೆಪ್ಪ ಬಾಗಿಲಿಗೆ ಬಂದು ತಲೆ ಹಿಡಿದುಕೊಂಡ. "ಚಿಗವ್ವ, ಕತ್ತರಿಸಿ ಒಗಿ ಅದನ್ನ!"

ಆಗ ಬಾಳವ್ವ ಹಲಗೆಗೆ ಕಟ್ಟಿದ ಎಳೆ ಕಂಡಳು. ಕತ್ತರಿ ತಗೊಂಡಳು. ಕತ್ತರಿಸಿದರೆ ಮತ್ತೆ ಕೂಡಿಸುತ್ತಾನೆ, ಅದು ಗೊತ್ತು. ಬೆರಳು ತಾನಾಗಿ ಆ ಜಾಗಕ್ಕೆ ಹೋಯಿತು, ಅಜ್ಜಿಗೆ ಸಿಗದ ಜಾಗ. ಕತ್ತರಿಯನ್ನು ಮಗ್ಗದ ಮೇಲಿಟ್ಟಳು. ಹಲಗೆಯಿಂದ ತುದಿ ಬಿಚ್ಚಿ ಕೈಗೆ ಸುತ್ತಿಕೊಂಡಳು, ಮೆಲ್ಲಗೆ ಒಂದೇ ಒಂದು ಸಲ ಎಳೆದಳು.

ಧಡಧಡ ಓಡಿ ಬಂದ.

"ಕರದ್ಯಾ ಅವ್ವ?"

"ಹೂಂ," ಅಂದಳು ಬಾಳವ್ವ. "ಕರದೆ."