ಹನ್ನೆರಡನೇ ಪ್ರಶ್ನೆಗೆ ಶಾಲು

ಪ್ರೊಫೆಸರ್ ಮುಳಗುಂದ ಅವರಿಗೆ ತಾವು ಬರೆದ ಹನ್ನೆರಡನೇ ಪ್ರಶ್ನೆಯ ಮೇಲೆ ಹೆತ್ತ ಮಗುವಿನ ಮೋಹ. ಅದು ಟಿಕ್ ಹಾಕುವ ಪ್ರಶ್ನೆಯೇ. ಆದರೂ ಯೋಚನೆ ಮಾಡಿ ಉತ್ತರಿಸಿದ ಜಾಣರೆಲ್ಲ ಹಳ್ಳಕ್ಕೆ ಬಿದ್ದಿದ್ದರು. ಪ್ರಶ್ನೆಯೇ ತಪ್ಪು ಎಂದು ಅವರು ದೂರು ಕೊಟ್ಟರು.

"ಪ್ರಶ್ನಿ ಬರೋಬರಿ ಐತಿ. ಹುಡುಗರೇ ದಡ್ಡರು. ತಪ್ಪು ಬರದವರನ್ನೆಲ್ಲಾ ಫೇಲ್ ಮಾಡು!" ಎಂದು ಪರೀಕ್ಷಾ ವಿಭಾಗದ ಕ್ಲಾರ್ಕ್ ನೀಲವ್ವನಿಗೆ ಹುಕುಂ ಮಾಡಿದರು.

ನೀಲವ್ವ ವಾದಕ್ಕೆ ಇಳಿಯಲಿಲ್ಲ. "ಆತ್ರಿ ಸರ. ಇಂಥಾ ಪ್ರಶ್ನಿಗೆ ಸರಿ ಉತ್ತರ ಕೊಟ್ಟವರಿಗೆ ಮೊದಲ ನಿಮ್ಮ ಕೈಲೆ ಒಂದು ಶಾಲು ಹೊದಿಸೋಣ್ರಿ" ಎಂದಳು.

ಪ್ರೊಫೆಸರರು ಉಬ್ಬಿಹೋದರು. ಶಾಲನ್ನು ತಾವೇ ತಂದರು.

ತುಂಬಿದ ಸಭೆಯಲ್ಲಿ ನೀಲವ್ವ ಹೆಸರು ಕರೆದಳು. ಎದ್ದು ಬಂದವರು ಇಬ್ಬರೇ. ಒಬ್ಬ ನಾಣ್ಯ ಚಿಮ್ಮಿ ಟಿಕ್ ಹಾಕಿದವನು. ಇನ್ನೊಬ್ಬ ಕಣ್ಣು ಮುಚ್ಚಿ ಎಲ್ಲೋ ಟಿಕ್ ಹಾಕಿ, ಪರೀಕ್ಷೆಯುದ್ದಕ್ಕೂ ಗೊರಕೆ ಹೊಡೆದ ಬಸಲಿಂಗ.

"ಇವರಾ?" ಪ್ರೊಫೆಸರರು ಶಾಲನ್ನು ಹಿಂದಕ್ಕೆ ಎಳೆದುಕೊಂಡರು.

"ಹೌದ್ರಿ. ನಿಮ್ಮ ಪ್ರಶ್ನಿ ಅನ್ನೋ ತಕ್ಕಡಿ ಬರೋಬರಿ ಇದ್ರ, ಕಾಲೇಜಿನಾಗ ಇವರೇ ಶಾಣ್ಯಾರು. ಹೊದಸ್ರಿ ಸರ."

ಪ್ರೊಫೆಸರರು ಶಾಲನ್ನು ಮೆಲ್ಲಗೆ ತಮ್ಮ ಹೆಗಲಿಗೇ ಹಾಕಿಕೊಂಡು, "ಹನ್ನೆರಡನೇ ಪ್ರಶ್ನಿ ರದ್ದು" ಎಂದರು.

ಬಸಲಿಂಗನ ಮುಖ ಬಾಡಿತು. "ಅಕ್ಕಾರ, ಹಂಗಾದ್ರ ನಾ ಮತ್ತ ಫೇಲಾ?"

ನೀಲವ್ವ ಅವನ ಬೆನ್ನು ತಟ್ಟಿದಳು. "ಚಿಂತಿ ಮಾಡಬ್ಯಾಡೋ ತಮ್ಮಾ. ಈ ಸಲ ನಿನ್ನ ಜೋಡಿ ಪ್ರಶ್ನೀನೂ ಫೇಲಾಗೇತಿ."